ತುಕ್ಕಿನ ನಾಲ್ಕು ಬೆರಳು
ಶನಿವಾರ, ಬೆಳಿಗ್ಗೆ ಏಳು ಗಂಟೆ. ಸಾಗರ ಪೇಟೆಯ ಒಂದು ಶೆಡ್ಡಿನಲ್ಲಿ ಮೂವರಿದ್ದೆವು: ಪುಟ್ಟ ವಿಮಾನದ ಒಡೆಯ, ಅವರ ಸ್ನೇಹಿತನಾದ ನಾನು, ಮತ್ತು ಮೆಕ್ಯಾನಿಕ್. ಮೆಕ್ಯಾನಿಕ್ ಕೈಗವಸು ತೊಟ್ಟು, ವಿಮಾನದ ಉಕ್ಕಿನ ಚೌಕಟ್ಟಿಗೆ ಹಿಡಿದ ತುಕ್ಕನ್ನು ಉಜ್ಜುತ್ತಿದ್ದರು. ನಾವು ಹತ್ತಿರ ಸುಳಿದರೆ ಸಾಕು, "ಮುಟ್ಟಿದ್ರಾ?" ಎನ್ನುತ್ತಿದ್ದರು.

ಮಧ್ಯಾಹ್ನದ ಊಟವಾಗಿ ಎರಡು ತಾಸು ಕಳೆದ ಮೇಲೆ, ಉಜ್ಜಿದ ಕೊಳವೆಯಲ್ಲಿ ನಾಲ್ಕು ಬೆರಳಿನ ಕೆಂಪು ಗುರುತು ಮೂಡಿತ್ತು.

"ಉಪ್ಪಿನಕಾಯಿ ಉಂಡ ಕೈ!" ಎಂದರು ಮೆಕ್ಯಾನಿಕ್, ಒಡೆಯರತ್ತ ಕೈ ತೋರಿಸಿ. " ಇದ್ರ ಮೇಲೇ ಪೈಂಟಿನ ಮೊದಲ ಕೋಟು, ಪ್ರೈಮರ್, ಹೊಡೆದ್ರೆ ತುಕ್ಕು ಒಳಗೊಳಗೇ ತಿನ್ನುತ್ತೆ. ಹಾರೋರು ಇವ್ರು."

ಕೈಗವಸು ಕಳಚಿ, ಗುರುತಿನ ಮೇಲೆ ತಾಗದಂತೆ ಮೊದಲು ತಮ್ಮ ಬೆರಳನ್ನೇ ಹಿಡಿದು ನೋಡಿದರು. ಆಮೇಲೆ ಒಡೆಯರದು. ನನ್ನ ಕೈ ಜೇಬಿನಲ್ಲಿತ್ತು.

"ನಂದೇ," ಎಂದೆ.

"ಗೊತ್ತಿತ್ತು ಮಾರಾಯ್ರೆ. ಉಜ್ಜಿ."

"ಗೊತ್ತಿದ್ರೆ ನಿಮ್ಮ ಕೈ ಯಾಕೆ ನೋಡಿದ್ರಿ?"

"ನಂದೇನು ದೇವ್ರ ಕೈಯಾ?"

ಕೈಗವಸು ತೊಟ್ಟು ಉಜ್ಜಿದೆ. ನಾನು ಉಜ್ಜಿದ ಜಾಗವನ್ನು ಅವರು ಮತ್ತೊಮ್ಮೆ ಉಜ್ಜಿದರು. ಐದು ಗಂಟೆಗೆ ಪ್ರೈಮರ್ ಹೊಡೆದು ಮುಗಿಯಿತು.