ಪರದೆಯ ಮೇಲಿನ ಎರಡೂ ಮುಕ್ಕಾಲು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸಾಗರದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಪಕ್ಕದ ಮೇಜಿನಲ್ಲಿ ಟೈಪ್ ಮಾಡುತ್ತಿದ್ದವರು ನನಗಿಂತ ಹತ್ತು ವರ್ಷ ದೊಡ್ಡವರು. ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರ ಒಬ್ಬನೇ ತಮ್ಮ ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿದ್ದ. ಔಷಧಿಯ ಹೊತ್ತು ತಪ್ಪದಿರಲೆಂದು ಅಕ್ಕ ತಮ್ಮ ಕೈಯ ವಾಚನ್ನು ಬಿಚ್ಚಿ ಅವನ ಕೈಗೆ ಕಟ್ಟಿ ಬಂದಿದ್ದರು.

ಆ ಶನಿವಾರ ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಅವನಿಗೆ ಕಾಯಿಲೆ ಜೋರಾಗಿದೆ, ಬನ್ನಿ ಎಂದರು. ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸು ಮೂರೂವರೆಗೆ. ಸುಮ್ಮನೆ ಕೂರಲಾರದೆ ಅಕ್ಕ ಟೈಪ್ ಮಾಡುತ್ತಲೇ ಇದ್ದರು.

ನಾನು ಯಂತ್ರದ ಒಂದು ತಪ್ಪು ಹುಡುಕುತ್ತಿದ್ದೆ. ಡಿಬಗರ್ ಎಂಬ ಪ್ರೋಗ್ರಾಂ ಕಂಪ್ಯೂಟರನ್ನು ನಡುವೆಯೇ ತಡೆದು ನಿಲ್ಲಿಸುತ್ತದೆ; ಆಗ ಒಳಗೇನಾಗಿದೆ ಎಂದು ನೋಡಬಹುದು. ನಿಂತಷ್ಟು ಹೊತ್ತು ಅದರ ಗಡಿಯಾರವೂ ನಿಂತಿರುತ್ತದೆ, ಆಮೇಲೆ ಅಷ್ಟೂ ಹಿಂದುಳಿಯುತ್ತದೆ. ಇದು ನನಗೆ ಗೊತ್ತಿತ್ತು. ಅಂದು ಮುಕ್ಕಾಲು ಗಂಟೆ ಹಾಗೆ ನಿಲ್ಲಿಸಿ, ಆಗಷ್ಟೇ ಮತ್ತೆ ಓಡಲು ಬಿಟ್ಟಿದ್ದೆ.

“ಗಂಟೆ ಎಷ್ಟಾಯ್ತು ತಂಗಿ?”

ಪರದೆ ನೋಡಿದೆ. “ಎರಡೂ ಮುಕ್ಕಾಲು ಅಕ್ಕ. ನಿಧಾನಕ್ಕೆ ಹೊರಡಿ.”

ಅವರು ಊಟದ ಡಬ್ಬಿ ತೊಳೆದು, ಜಡೆ ಬಿಗಿದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲಲ್ಲಿ ನಿಂತಿದ್ದರು.

“ಬಸ್ಸು ಮುಂಚೇನೇ ಹೊರಟೋಗಿದೆ ನೋಡು. ಆ ಡ್ರೈವರಿಗೆ ಎಂತಾ ಅವಸರವೋ!”

ಪರದೆಯ ಗಡಿಯಾರ ಮುಕ್ಕಾಲು ಗಂಟೆ ಹಿಂದಿತ್ತೆಂದು ನನಗೆ ಆಗ ಹೊಳೆಯಿತು. ರಸ್ತೆಗೆ ಹೋಗಿ ಹೊಸನಗರದವರೆಗಿನ ಒಂದು ಜೀಪು ಹತ್ತಿಸಿ ಬಂದೆ. ಅಲ್ಲಿಂದ ಮುಂದೆ ಗಾಡಿ ಸಿಗದೆ ಅವರು ಪರಿಚಿತರ ಮನೆಯಲ್ಲಿ ಉಳಿದರಂತೆ. ಮರುದಿನ ತೀರ್ಥಹಳ್ಳಿ ತಲುಪಿದಾಗ ತಮ್ಮನನ್ನು ವಾರ್ಡಿನಿಂದ ಹೊರಗೆ ತಂದಾಗಿತ್ತು. ಹಿಂದಿನ ಸಂಜೆ ಏಳಕ್ಕೇ ಹೋಗಿಬಿಟ್ಟಿದ್ದ. ಬಸ್ಸು ಆರೂವರೆಗೆ ಮುಟ್ಟುತ್ತಿತ್ತು.

ಕರ್ಮಾಂತರ ಮುಗಿಸಿ ಅಕ್ಕ ಕೆಲಸಕ್ಕೆ ಬಂದ ದಿನವೇ ಹೇಳಿದೆ. “ಬಸ್ಸು ಬೇಗ ಹೋಗಿದ್ದಲ್ಲ ಅಕ್ಕ. ನಾನು ತಪ್ಪು ಹೊತ್ತು ಹೇಳಿದ್ದು.”

ಅವರು ಕಾಗದ ಜೋಡಿಸುವುದನ್ನು ಬಿಟ್ಟು ನನ್ನನ್ನೇ ನೋಡಿದರು.

“ಬೇಕಂತ ಹೇಳಿದ್ಯಾ?”

“ಇಲ್ಲ.”

“ಮತ್ತೆ ಸುಮ್ನಿರು.” ಕಾಗದ ಮತ್ತೆ ಕೈಗೆತ್ತಿಕೊಂಡು ಅಂದರು, “ಅವ ಕೇಳ್ತಾನೇ ಇದ್ದನಂತೆ, ಅಕ್ಕ ಬಂದ್ಲಾ ಅಂತ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮುಖ ತಿರುಗಿಸಿ ಅಳತೊಡಗಿದರು. ಹೆಗಲ ಮೇಲೆ ಕೈ ಇಡಲು ನನಗೆ ಧೈರ್ಯ ಬರಲಿಲ್ಲ.