ಕಿವಿ ಮಂದವಿದ್ದ ಸ್ವಾಮಿಗಳ ಸಾಲು

ತಪಸ್ಸುಕಾಲ ಬಂತೆಂದರೆ ನಾನು ಗಡ್ಡ ಬಿಡುತ್ತೇನೆ. ಹಣೆಗೆ ಬೂದಿ ಹಚ್ಚಿಸಿಕೊಂಡ ಬುಧವಾರದಿಂದ ಪಾಸ್ಕ, ಅಂದರೆ ಈಸ್ಟರ್ ಹಬ್ಬದವರೆಗೆ ಕ್ಷೌರವಿಲ್ಲ, ಮಾಂಸವಿಲ್ಲ, ಕಾಫಿಗೆ ಸಕ್ಕರೆಯಿಲ್ಲ. ಸಕ್ಕರೆಯನ್ನು ಡಾಕ್ಟರು ಅದಾಗಲೇ ಬಿಡಿಸಿದ್ದರೆನ್ನುವುದನ್ನು ದೇವರಿಗೆ ಬಿಡಿಸಿ ಹೇಳಲು ಹೋಗಿರಲಿಲ್ಲ. ಆಫೀಸಿನಲ್ಲಿ ‘ಏನ್ ಸಾರ್, ಈ ಬಿಸಿಲಲ್ಲೂ ಶಬರಿಮಲೆನಾ?’ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಿ ಮುಗುಳ್ನಗುತ್ತಿದ್ದೆ. ಆ ಮುಗುಳ್ನಗೆಯನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದೆ. ನನ್ನ ಹೆಂಡತಿಯ ಹತ್ತಿರ ಮಾತ್ರ ಅದು ನಡೆಯುತ್ತಿರಲಿಲ್ಲ.

‘ಗಡ್ಡದ ಮಾತು ಹಾಗಿರ್ಲಿ, ಮೊದ್ಲು ನಿಮ್ಮಕ್ಕನ್ ಹತ್ರ ಮಾತಾಡ್ರೀ’ ಎನ್ನುತ್ತಿದ್ದಳು.

ಅಕ್ಕ ಇರುವುದು ಸಂಜಯನಗರದಲ್ಲೇ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಚರ್ಚೂ ಒಂದೇ. ಆದರೂ ಮೂರು ವರ್ಷದಿಂದ ಮಾತಿರಲಿಲ್ಲ. ಹಾಸಿಗೆ ಹಿಡಿದ ಅಮ್ಮನನ್ನು ಎರಡು ವರ್ಷ ನೋಡಿಕೊಂಡವಳು ಅಕ್ಕ. ಒರೆಸುವುದು, ಮಗ್ಗುಲು ಬದಲಿಸುವುದು, ಉಣ್ಣಿಸುವುದು ಎಲ್ಲವೂ ಅವಳದೇ. ನಾನು ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ, ಅರ್ಧ ಕೆಜಿ ದ್ರಾಕ್ಷಿ ಹಿಡಿದು ಹೋಗಿ, ಅರ್ಧ ಗಂಟೆ ಕೂತು ಬರುತ್ತಿದ್ದೆ. ಅಮ್ಮ ತೀರಿಕೊಂಡು ತಿಂಗಳಾದಾಗ ನಡೆದ ಪೂಜೆಯ ಕೊನೆಗೆ ವಂದನೆ ಹೇಳಲೆಂದು ಮೈಕು ಹಿಡಿದವನು, ‘ಎರಡು ವರ್ಷ ನನ್ನ ತಾಯಿಗೆ ನನ್ನ ಕೈಯಾರೆ ಉಣ್ಣಿಸುವ ಭಾಗ್ಯ ನನ್ನದಾಯಿತು’ ಎಂದುಬಿಟ್ಟೆ. ಜನ ಕಣ್ಣೊರೆಸಿಕೊಂಡರು. ಅಷ್ಟು ಹೊತ್ತಿಗೆ ನನಗೂ ನಿಜವೆನಿಸಿ ನಾನೂ ಅತ್ತೆ. ಮುಂದಿನ ಬೆಂಚಿನಲ್ಲಿದ್ದ ಅಕ್ಕ ಅಳಲಿಲ್ಲ. ಅಂದಿನಿಂದ ಅವಳು ನನ್ನ ಜೊತೆ ಮಾತು ನಿಲ್ಲಿಸಿದಳು. ನಾನು ಅವಳಿಗೆ ಹೊಟ್ಟೆಕಿಚ್ಚೆಂದು ಹೇಳಿಕೊಂಡು ತಿರುಗಿದೆ. ಕಳ್ಳನಿಗೊಂದು ಪಿಳ್ಳೆ ನೆವ.

ಪಾಸ್ಕಕ್ಕೆ ಮುಂಚೆ ಪಾದ್ರಿಗಳೆದುರು ಪಾಪಗಳನ್ನು ಹೇಳಿಕೊಂಡು ಪಾಪನಿವೇದನೆ ಮಾಡಲೇಬೇಕು. ನಮ್ಮ ಚರ್ಚಿನ ಪಾದ್ರಿ ಸ್ವಾಮಿಗಳ ಎದುರು ಮಂಡಿಯೂರಲು ಯಾರಿಗೂ ಧೈರ್ಯವಿಲ್ಲ, ಎಲ್ಲರ ದನಿಯೂ ಅವರಿಗೆ ಗೊತ್ತು. ಅದಕ್ಕೇ ತಪಸ್ಸುಕಾಲದಲ್ಲಿ ಒಂದು ಸಂಜೆ ಬೇರೆ ಚರ್ಚುಗಳಿಂದ ನಾಲ್ಕೈದು ಸ್ವಾಮಿಗಳನ್ನು ಕರೆಸಿ, ಅಂಗಳದಲ್ಲಿ ಅಲ್ಲಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ. ಆ ವರ್ಷ ಹೊಂಗೆ ಮರದ ಕೆಳಗೆ ಒಬ್ಬರು ತುಂಬ ವಯಸ್ಸಾದವರು ಕೂತಿದ್ದರು. ಅವರಿಗೆ ಕಿವಿ ಮಂದವೆಂಬ ಸುದ್ದಿ ಹಬ್ಬಿ ಎಲ್ಲರಿಗಿಂತ ಉದ್ದದ ಸಾಲು ಅವರ ಮುಂದೆಯೇ ಬೆಳೆಯಿತು. ನಾನೂ ಓಡಿಹೋಗಿ ನಿಂತೆ. ಮುಂದಿದ್ದವರೆಲ್ಲ ಪಿಸುಗುಟ್ಟಿದರು, ಸ್ವಾಮಿಗಳು ತಲೆಯಾಡಿಸಿ ಮೂರು ಸಲ ನಮೋ ಮರಿಯ ಜಪ ಹೇಳಲು ತಿಳಿಸಿ ಕಳಿಸಿದರು.

ನನ್ನ ಸರದಿ ಬಂತು. ಸಿಟ್ಟು, ಸಣ್ಣಪುಟ್ಟ ಸುಳ್ಳು ಎಂದು ಚಿಲ್ಲರೆ ಪಾಪಗಳನ್ನು ಮುಂದಿಟ್ಟು, ನಡುವೆ ಅಕ್ಕನ ವಿಷಯವನ್ನು ತೂರಿಸಿದೆ. ಸ್ವಾಮಿಗಳು ಕಿವಿಗೆ ಕೈ ಹಿಡಿದು, ‘ಸ್ವಲ್ಪ ಗಟ್ಟಿಯಾಗಿ ಹೇಳಪ್ಪ’ ಎಂದರು.

ಬೇರೆಯವರಾಗಿದ್ದರೆ ಕೆಮ್ಮಿ ಜಾರಿಕೊಳ್ಳುತ್ತಿದ್ದರು. ನಾನು ಪ್ರತಿ ಭಾನುವಾರ ಪೂಜೆಯಲ್ಲಿ ಬೈಬಲ್ ವಾಚನ ಓದುವವನು. ಗಟ್ಟಿಯಾಗಿ ಎಂದರೆ ಸಾಕು, ಗಂಟಲು ತಾನಾಗಿ ತೆರೆದುಕೊಳ್ಳುತ್ತದೆ. ‘ಅಮ್ಮನಿಗೆ ಉಣ್ಣಿಸಿದವಳು ಅಕ್ಕ, ನಾನಲ್ಲ! ನಾನು ಸುಳ್ಳು ಹೇಳಿದೆ!’ ಎಂದೆ. ಕೊನೆಯ ಬೆಂಚಿಗೂ ಕೇಳುವಂಥ ದನಿ ಅಂಗಳವನ್ನೆಲ್ಲ ತುಂಬಿತು.

ಸ್ವಾಮಿಗಳೂ ಅಷ್ಟೇ ಗಟ್ಟಿಯಾಗಿ ಪ್ರಾಯಶ್ಚಿತ್ತ ಕೊಟ್ಟರು. ‘ಅಕ್ಕನ ಮನೆಗೆ ಹೋಗಿ ಒಂದು ಹೊತ್ತು ಊಟ ಮಾಡು. ಊಟ ಮುಗಿಯೋವರೆಗೂ ನಿನ್ನ ಬಗ್ಗೆ ಒಂದು ಮಾತೂ ಆಡಬೇಡ.’

ತಿರುಗಿ ನೋಡಿದರೆ ಸಾಲಿನಲ್ಲಿದ್ದವರೆಲ್ಲ ಎಂದೂ ಇಲ್ಲದ ಭಕ್ತಿಯಿಂದ ಜಪಸರ ಎಣಿಸುತ್ತಿದ್ದರು. ನಾಚಿಕೆಯಿಂದ ಕಿವಿ ಸುಟ್ಟುಹೋಯಿತು. ಆದರೆ ಗೇಟು ದಾಟಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನಗು ಬಂತು, ಮೈ ಹಗುರವಾಯಿತು. ಇನ್ನು ಬಚ್ಚಿಡಲು ಏನೂ ಇರಲಿಲ್ಲ.

ಪಾಪನಿವೇದನೆ ಅಕಸ್ಮಾತ್ ಕಿವಿಗೆ ಬಿದ್ದರೂ ಬಾಯಿ ಬಿಡಬಾರದೆಂಬ ನಿಯಮ ನಮ್ಮಲ್ಲಿದೆ. ಯಾರೂ ಬಾಯಿ ಬಿಡಲಿಲ್ಲ. ಹಾಲಿನ ಬೂತಿನಲ್ಲಿ ಸಿಕ್ಕ ಗಾಯನವೃಂದದ ಆಂಟಿ ಮಾತ್ರ, ‘ಇನ್ನೂ ಹೋಗಿಲ್ವಾ ಸಾರ್?’ ಎಂದರು. ಎಲ್ಲಿಗೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಹೋದೆ. ಬಾಗಿಲು ತೆರೆದ ಅಕ್ಕ ನನ್ನ ಗಡ್ಡವನ್ನೊಮ್ಮೆ ನೋಡಿ, ‘ಕೈ ತೊಳ್ಕೊ’ ಎಂದಳು. ಹುರುಳಿಕಾಳು ಸಾರು, ಮುದ್ದೆ ಬಡಿಸಿ ಎದುರು ಕೂತಳು. ರಾತ್ರಿಯೆಲ್ಲ ಕೂತು ಒಂದು ಕ್ಷಮಾಪಣೆ ಸಿದ್ಧಮಾಡಿಕೊಂಡಿದ್ದೆ. ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಆ ಕ್ಷಮಾಪಣೆಯ ತುಂಬ ನಾನೇ ಇದ್ದೆ.

ಬೇರೇನೂ ತೋಚದೆ, ‘ಅಮ್ಮ ಆಗ ಏನ್ ಉಣ್ತಿದ್ಲು?’ ಎಂದು ಕೇಳಿದೆ.

ಅಕ್ಕ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು. ಆಮೇಲೆ ಹೇಳಿದಳು: ‘ಗಂಜಿ. ನನ್ ಕೈಲಿ ನಾಲ್ಕ್ ಚಮಚಕ್ಕೆ ಮುಖ ತಿರುಗಿಸ್ಬಿಡೋಳು. ಭಾನುವಾರ ಮಾತ್ರ ಬೆಳಗ್ಗೇನೇ “ತಲೆ ಬಾಚೇ, ಅವನ್ ಬರ್ತಾನೆ” ಅನ್ನೋಳು. ನೀನ್ ಸುಳ್ ಹೇಳಿದ್ದಕ್ಕಲ್ಲ ಕಣೋ ನಂಗೆ ಸಿಟ್ಟು. ಅಮ್ಮನ್ನೇ ಎಬ್ಬಿಸಿ ಕೇಳಿದ್ರೂ, ಉಣ್ಣಿಸಿದ್ದು ನೀನೇ ಅಂತಿದ್ಲೇನೋ.’

ನಾನು ಅವಳಿಂದ ಕಸಿದುಕೊಂಡದ್ದು ಉಣ್ಣಿಸಿದವಳೆಂಬ ಹೆಸರನ್ನಷ್ಟೇ ಎಂದು ಮೂರು ವರ್ಷ ಅಂದುಕೊಂಡಿದ್ದೆ. ಅವಳು ಕಳೆದುಕೊಂಡದ್ದು ಅದಕ್ಕಿಂತ ದೊಡ್ಡದಿತ್ತು, ಅದನ್ನು ವಾಪಸು ಕೊಡುವುದು ನನ್ನ ಕೈಯಲ್ಲಿರಲಿಲ್ಲ.

‘ನಿಂದು ಊಟ ಆಯ್ತಾ?’ ಎಂದೆ. ಆಗಿರಲಿಲ್ಲ. ಎದ್ದು ಅಡುಗೆಮನೆಯಿಂದ ತಟ್ಟೆ ತಂದು, ಮುದ್ದೆ ಇಟ್ಟು ಸಾರು ಹಾಕಿದೆ. ಸೌಟು ವಾರೆಯಾಗಿ ಅರ್ಧ ಸಾರು ನೆಲಕ್ಕೆ ಚೆಲ್ಲಿತು.

‘ಥೂ, ಒಂದ್ ಸೌಟು ಸಾರು ಬಡಿಸೋಕೂ ಬರಲ್ವೇನೋ ನಿಂಗೆ!’ ಎಂದು ಅಕ್ಕ ರೇಗಿದಳು.

ಮೂರು ವರ್ಷದ ಮೇಲೆ ಅವಳು ನನ್ನನ್ನು ಬೈದಿದ್ದಳು. ಆದ ಸಂತೋಷಕ್ಕೆ ನೆಲ ಒರೆಸುತ್ತಾ ಅತ್ತುಬಿಟ್ಟೆ. ಅಕ್ಕನೂ ಕಣ್ಣೊರೆಸಿಕೊಂಡು, ತಟ್ಟೆ ಎಳೆದುಕೊಂಡು ಉಣ್ಣತೊಡಗಿದಳು.