ಬಳ್ಳಿಯ ಆ ಕಡೆ ಜಯಮ್ಮ

ಫೋಟೋ ತೆಗೆದದ್ದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಸಮಯದ ಸಮೇತ ಫೋನಿನಲ್ಲಿ ಇನ್ನೂ ಇದೆ. ಎದುರು ಮನೆ ಜಯಮ್ಮನವರ ಜಗಲಿಯ ಮುಂದೆ ರಂಗೂನ್ ಬಳ್ಳಿ ಮೈತುಂಬ ಹೂ ಬಿಟ್ಟಿತ್ತು. ಹಿಂದಿನ ಸಂಜೆ ಅರಳಿದ್ದು ಬಿಳಿ, ಅದರ ಹಿಂದಿನ ದಿನದ್ದು ಗುಲಾಬಿ, ಇನ್ನೂ ಹಳೆಯದು ಕೆಂಪು. ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹನ್ನೊಂದು ಜನ ‘ಸೂಪರ್’ ಅಂದರು.

ಆ ಹೊತ್ತಿನಲ್ಲಿ ಜಯಮ್ಮ ಬಳ್ಳಿಯ ಆ ಕಡೆ, ನನ್ನಿಂದ ಎರಡು ಮೊಳ ದೂರದಲ್ಲಿ, ಸೊಂಟ ಮುರಿದುಕೊಂಡು ನೆಲದ ಮೇಲೆ ಬಿದ್ದಿದ್ದರು.

ಐದು ವಾರ ಈ ಅಂಕಣ ಬರಲಿಲ್ಲ. ಕಾರಣ ಇದು. ನಡೆದದ್ದನ್ನು ನಡೆದ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ.

ಕನಕಪುರದ ನಮ್ಮ ಬೀದಿಯಲ್ಲಿ ಜಯಮ್ಮ ಒಬ್ಬರೇ ಇರುತ್ತಾರೆ. ಜಗಲಿಯಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾರೆ. ನಾನೂ ಒಬ್ಬನೇ. ಒಂಬತ್ತು ವರ್ಷದಿಂದ ಎದುರುಬದುರು. ಮಧ್ಯಾಹ್ನವಾದರೆ ಅವರ ಜಗಲಿಗೆ ಬಿಸಿಲು ಹೊಡೆಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೋಗಿ ಬರುವವರ ಕಣ್ಣು. “ಮಿಷಿನ್ ಮುಂದೆ ಕೂತ್ರೆ ಬೀದಿಗೇ ಷೋ ಕೊಟ್ಟಂಗಾಯ್ತದೆ ಸಾ” ಎಂದಿದ್ದರು.

ರಂಗೂನ್ ಬಳ್ಳಿ ಹಬ್ಬಿಸಿ ಎಂದವನು ನಾನು. ಕಡ್ಡಿ ತಂದುಕೊಟ್ಟವನೂ ನಾನೇ. (ಇದೇ ಅಂಕಣದಲ್ಲಿ ಅದನ್ನು ಹೊಗಳಿ ಬರೆದಿದ್ದೆ. ನಿಮ್ಮಲ್ಲಿ ಕೆಲವರು ಕಡ್ಡಿ ಕೇಳಿ ಪತ್ರವನ್ನೂ ಹಾಕಿದ್ದಿರಿ.)

ಬಳ್ಳಿ ಹತ್ತಲು ಆಸರೆ ಬೇಕಲ್ಲ? ಉಯ್ಯಂಬಳ್ಳಿಯ ತವರಿನಿಂದ ಜಯಮ್ಮ ಮೂರು ಹಳೆಯ ಚಂದ್ರಿಕೆ ತರಿಸಿದರು. ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ, ಒತ್ತೊತ್ತಾಗಿ ಸುರುಳಿ ಸುತ್ತಿದ ಬಿದಿರಿನ ಚಾಪೆಗಳು. ಪ್ಲಾಸ್ಟಿಕ್ಕಿನವು ಬಂದ ಮೇಲೆ ಇವು ಅಟ್ಟ ಸೇರಿದ್ದವು. ಇಟ್ಟಿಗೆಯ ಮೇಲೆ ನಿಲ್ಲಿಸಿ ಕಂಬಕ್ಕೆ ಬಿಗಿದೆವು. ಎರಡೇ ವರ್ಷ. ಬಿದಿರೂ ಎಲೆಯೂ ಸೇರಿ ಗೋಡೆಯೇ ಆಯಿತು. ಇಟ್ಟಿಗೆಗಳ ನಡುವೆ ಗೇಣೆತ್ತರದ ಸಂದು ಮಾತ್ರ ಉಳಿಯಿತು.

ಅಂದು ಎಂಟೂವರೆಗೆ, ಜೋತುಬಿದ್ದ ಒಂದು ಕವಲು ಕತ್ತರಿಸಲು ಜಯಮ್ಮ ಸ್ಟೂಲ್ ಹತ್ತಿದ್ದಾರೆ. ಸ್ಟೂಲ್ ಜಾರಿದೆ. ಪಕ್ಕದ ಕಟ್ಟಡದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಯಂತ್ರಗಳು ಶುರುವಾಗುವುದೂ ಎಂಟೂವರೆಗೇ. ಪಕ್ಕೆಗೂ ಪೆಟ್ಟು ಬಿದ್ದವರ ದನಿ ಆ ಸದ್ದಿನಲ್ಲಿ ಎಷ್ಟು ದೂರ ಹೋದೀತು?

ಅದಾದ ಮೇಲೆ ನಾನು ಆ ಜಗಲಿಯ ಮುಂದೆ ಐದು ಸಲ ಹಾದೆ. ಹಾಲಿಗೆ ಹೋಗುವಾಗ, ಬರುವಾಗ. ಫೋಟೋಗೆ. ಊಟವಾದ ಮೇಲೆ ಬಾಳೆಹಣ್ಣಿಗೆ ಹೋಗುವಾಗ, ಬರುವಾಗ.

ಅವರನ್ನು ಕಂಡವಳು ಸವಿತಾ. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟ್ ಮುಗಿಸಿ, ತಂಗಿಯ ನಿಶ್ಚಿತಾರ್ಥದ ಬ್ಲೌಸಿಗೆಂದು ಬಂದಿದ್ದಳು. ಗಂಟೆ ಮೂರಾಗಲು ಹತ್ತು ನಿಮಿಷ. ಎಷ್ಟು ಕೂಗಿದರೂ ಉತ್ತರವಿಲ್ಲ.

“ಮೂರ್ ಸಲ ನಾಳೆ ಬಾ ಅಂದ್ಲು. ಇವತ್ತು ಒಳಗೇ ಅವಿತ್ಕೊಂಡವ್ಳೆ,” ಅವಳು ಬೈಯುತ್ತಿದ್ದದ್ದು ನನ್ನ ಕಿಟಕಿಗೆ ಕೇಳಿಸುತ್ತಿತ್ತು. “ಇರು, ಚಪ್ಲಿ ಐತಾ ನೋಡ್ತೀನಿ.”

ಬಗ್ಗಿದಳು. ಬಗ್ಗಿದವಳು ಹಾಗೇ ಮಂಡಿಯೂರಿದಳು. ಆಮೇಲೆ ತಿರುಗಿ, ಬಹಳ ಮೆಲ್ಲಗೆ ಕರೆದಳು. “ಸಾ, ಒಸಿ ಬನ್ನಿ ಸಾ.”

ಆಸ್ಪತ್ರೆಯಲ್ಲಿ ಫಾರಂ ತುಂಬಬೇಕಿತ್ತು. ವಯಸ್ಸು? ಗೊತ್ತಿಲ್ಲ. ತಂದೆಯ ಹೆಸರು? ಗೊತ್ತಿಲ್ಲ. ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾರಾ? (ಅವರ ಬಳ್ಳಿಗೆ ಯಾವ ತಿಂಗಳು ಗೊಬ್ಬರ ಹಾಕಿದ್ದರೆಂದು ಕೇಳಿದ್ದರೆ ಹೇಳುತ್ತಿದ್ದೆ.) “ಅವ್ರು ನಿಮಗೆ ಏನಾಗ್ಬೇಕು?” ಎಂದರು ನರ್ಸ್. “ಎದುರು ಮನೆ” ಎಂದೆ. ಅವರು ಆ ಜಾಗದಲ್ಲಿ ಒಂದು ಗೆರೆ ಎಳೆದರು.

ಆಪರೇಷನ್ ಆದ ಮೂರನೇ ದಿನ ಜಯಮ್ಮ ಮಾತಾಡಿದರು. ದೂರುವ ದನಿಯಲ್ಲೇನೂ ಅಲ್ಲ.

“ನೀವು ಬಂದು ನಿಂತಿದ್ದು ಕಾಣ್ತಿತ್ತು ಸಾ. ಎಡಗಾಲಿನ ಚಪ್ಲಿಗೆ ತಂತಿ ಸುತ್ತಿದ್ರಲ್ಲ, ಅದ್ರಲ್ಲೇ ಗುರ್ತು ಸಿಕ್ತು. ಕೂಗ್ದೆ, ಕೇಳ್ಲಿಲ್ಲ. ಕೆಳಗೆ ಅಷ್ಟೊಂದು ಹೂವ ಉದುರಿತ್ತು. ಒಂದ್ ಹೂವ ಆಯ್ಕೊಳಕ್ಕಾದ್ರೂ ಬಗ್ತೀರೇನೋ ಅಂತ ನೋಡ್ತಾ ಇದ್ದೆ.”

 

ಅವರು ಮನೆಗೆ ಬಂದರು. ತವರಿನವರು ಎರಡು ವಾರ ಇದ್ದು ಹೊರಟರು. ಈಗ ವಾಕರ್ ಹಿಡಿದು ಮಿಷನ್ನಿನವರೆಗೆ ಬರುತ್ತಾರೆ. ಬೀದಿ ದಾಟುವಂತಿಲ್ಲ. ತವರಿನವರು ಹೋದ ಮರುದಿನವೇ ನಾನು ಕತ್ತರಿ ಹಿಡಿದು ಹೋದೆ. ಬಳ್ಳಿಯನ್ನು ಬುಡಸಮೇತ ತೆಗೆದುಬಿಡುತ್ತೇನೆ ಎಂದೆ.

“ಸುಮ್ಕಿರಿ ಸಾ. ಬಿಸ್ಲಲ್ಲಿ ನೀವ್ ಬಂದು ಹೊಲೀತೀರಾ?” ಎಂದರು. “ದಿನಾ ಬೆಳಗ್ಗೆ ಒಂದ್ಸಲ ಕೂಗಿ. ಓ ಅಂತೀನಿ. ಅನ್ನಲಿಲ್ಲಾಂದ್ರೆ ಒಳಗ್ ಬನ್ನಿ.”

ಗೇಟಿನ ಇನ್ನೊಂದು ಬೀಗದ ಕೈ ನನ್ನ ಕೈಗಿಟ್ಟರು. ಮರುದಿನದಿಂದ ಯಂತ್ರಗಳು ಶುರುವಾಗುವ ಮುಂಚೆ, ಎಂಟು ಗಂಟೆಗೆ, ಕೂಗುತ್ತಿದ್ದೇನೆ. ಓ ಎನ್ನುತ್ತಾರೆ. ಅಷ್ಟೇ. ನನ್ನ ದಿನದಲ್ಲಿ ಯಾರಾದರೂ ನನಗೆ ಉತ್ತರ ಕೊಡುವುದು ಅದೊಂದೇ ಸಲ ಎಂಬುದು ನಾಲ್ಕನೇ ದಿನಕ್ಕೆ ಗೊತ್ತಾಯಿತು.

ಐದನೇ ದಿನ ಓ ಎಂದವರು ನನ್ನನ್ನು ನಿಲ್ಲಿಸಿದರು.

“ಒಂದ್ ಮಾತು ಸಾ. ನೀವೇ ಕೂಗ್ನಿಲ್ಲ ಅಂದ್ರೆ? ನಂಗಂತೂ ಎದ್ದು ಬರಕ್ಕಾಗಲ್ಲ. ನಿಮ್ಮೋರು ಯಾರ್ಗೆ ಫೋನ್ ಮಾಡ್ಲಿ? ನಂಬರ್ ಕೊಟ್ಟೋಗಿ.”

ಬರೆದುಕೊಡುತ್ತೇನೆ ಎಂದು ಮನೆಗೆ ಬಂದು ಫೋನ್ ತೆಗೆದೆ. ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದೆ. ಇನ್ನೊಮ್ಮೆ ನಿಧಾನವಾಗಿ ನೋಡಿದೆ.

ಆ ನಂಬರ್ ಇನ್ನೂ ಕೊಟ್ಟಿಲ್ಲ.